ಎಂಪೆಗ್-2 ಡಿಕೋಡರ್ ಬೋರ್ಡು: 60ರಲ್ಲಿ 11 ಏಳುತ್ತಿಲ್ಲ, ಜೆಟ್ಯಾಗ್ ಮಾತನಾಡುತ್ತಿಲ್ಲ

ಪೀಣ್ಯವಾಸಿ:

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಸಣ್ಣ ಘಟಕದಲ್ಲಿ ಬೋರ್ಡುಗಳ ವಿನ್ಯಾಸವನ್ನೂ ಪರೀಕ್ಷೆಯನ್ನೂ ನಾನೇ ನೋಡಿಕೊಳ್ಳುತ್ತೇನೆ. ವಸತಿಗೃಹಗಳ ಒಳಜಾಲದಲ್ಲಿ ಕೇಬಲ್ ವಾಹಿನಿಗಳನ್ನು ತೋರಿಸುವ ಒಂದು ಡಿಜಿಟಲ್ ರಿಸೀವರ್ ಬೋರ್ಡನ್ನು ಈಚೆಗೆ ಮಾಡಿದೆವು. ಅದರ ಹೃದಯದಲ್ಲಿರುವುದು ಬಿಜಿಎ ಕವಚದ ಒಂದು ಎಂಪೆಗ್-2 ವಿಡಿಯೊ ಡಿಕೋಡರ್ ಚಿಪ್. ಪ್ರೊಸೆಸರ್ ಕೂಡ ಅದರೊಳಗೇ ಇದೆ. ಚಿಪ್ಪಿನ ಸುತ್ತ 16 ಬಿಟ್ ಅಗಲದ ಎಸ್‌ಡಿ-ರ‍್ಯಾಮ್, 2 ಮೆಗಾಬೈಟಿನ ಫ್ಲ್ಯಾಷ್, ಐ2ಸಿ ಎಂಬ ಎರಡು ತಂತಿಗಳ ಸಂಪರ್ಕದ ಮೇಲೆ ಟ್ಯೂನರ್ ಮತ್ತು ಚಿತ್ರವನ್ನು ಟಿ.ವಿ. ಸಂಕೇತವಾಗಿಸುವ ವಿಡಿಯೊ ಎನ್‌ಕೋಡರ್, ಒಂದು ಸೀರಿಯಲ್ ಪೋರ್ಟ್, ಸ್ಮಾರ್ಟ್ ಕಾರ್ಡಿನ ಗೂಡು ಮತ್ತು ರಿಮೋಟಿಗೆಂದು ಇನ್‌ಫ್ರಾರೆಡ್ ಸೆನ್ಸರ್ ಇವೆ.

ಮೊದಲ ಕಂತಿನ 60 ಬೋರ್ಡುಗಳಲ್ಲಿ 49 ಎದ್ದು ಚಿತ್ರ ತೋರಿಸಿದವು, 11 ಏಳಲಿಲ್ಲ. ಏಳದವುಗಳಲ್ಲಿಯೂ 3.3 ಮತ್ತು 1.8 ವೋಲ್ಟ್ ಸರಿಯಾಗಿ ಬರುತ್ತಿವೆ, 27 ಮೆಗಾಹರ್ಟ್ಸ್ ಕ್ಲಾಕ್ ಕೂಡ ಕಾಣುತ್ತಿದೆ. ಆದರೆ ಸೀರಿಯಲ್ ಪೋರ್ಟಿನಲ್ಲಿ ಒಂದಕ್ಷರವೂ ಬರುತ್ತಿಲ್ಲ. ಚಿಪ್ಪಿನ ಕಾಲುಗಳೆಲ್ಲ ಅದರ ಹೊಟ್ಟೆಯ ಕೆಳಗೆ ಇರುವುದರಿಂದ ಪ್ರೋಬ್ ಇಡಲು ಜಾಗವಿಲ್ಲ. ಪ್ರೋಬ್ ಇಲ್ಲದೆ ಕೆಲವೇ ತಂತಿಗಳಿಂದ ಚಿಪ್ಪಿನ ಕಾಲುಗಳನ್ನು ಓದಿ ಆಡಿಸುವ ಪರೀಕ್ಷಾ ದಾರಿಯಾದ ಜೆಟ್ಯಾಗ್ ಮೂಲಕ ನೋಡೋಣವೆಂದು ಕೇಬಲ್ ಹಾಕಿ ಚಿಪ್ಪಿನ ಗುರುತಿನ ಸಂಖ್ಯೆಯನ್ನು ಓದಿದರೆ 32 ಬಿಟ್ಟುಗಳೂ ಒಂದು ಎಂದೇ ಬರುತ್ತವೆ. ವಿಚಿತ್ರವೆಂದರೆ ಚೆನ್ನಾಗಿ ನಡೆಯುತ್ತಿರುವ ಬೋರ್ಡುಗಳಲ್ಲಿಯೂ ಹೀಗೆಯೇ ಬರುತ್ತದೆ. ಎಲ್ಲಿಂದ ಆರಂಭಿಸಲಿ?

ಜಾಲಹಳ್ಳಿ ಹಳಬ:

ಒಳ್ಳೆಯ ಬೋರ್ಡಿನಲ್ಲಿಯೂ ಹಾಗೆಯೇ ಬರುತ್ತದೆ ಎಂದಿರಲ್ಲ, ಆ ಒಂದು ಮಾತು ನಿಮ್ಮ ಅರ್ಧ ದಿನವನ್ನು ಉಳಿಸಿದೆ. ಬೆಸುಗೆಯ ದೋಷವಾಗಿದ್ದರೆ 60 ಬೋರ್ಡುಗಳಲ್ಲಿ ಒಂದೇ ರೀತಿ ಕಾಣಿಸಿಕೊಳ್ಳುತ್ತಿರಲಿಲ್ಲ. ಇದು ನಿಮ್ಮ ಸ್ಕೀಮ್ಯಾಟಿಕ್‌ನಲ್ಲಿಯೇ ಕುಳಿತಿರುವ ತಪ್ಪು.

ಗುರುತಿನ ರಿಜಿಸ್ಟರಿನ ಕಟ್ಟೋಣವನ್ನು ನೆನಪಿಸಿಕೊಳ್ಳಿ. ಮೊದಲು ಹೊರಬರುವ ಕೊನೆಯ ಬಿಟ್ ಯಾವಾಗಲೂ ಒಂದು. ಅದರ ಮೇಲಿನ 11 ಬಿಟ್ಟುಗಳು ತಯಾರಕರದ್ದು, ಆಮೇಲಿನ 16 ಭಾಗದ ಸಂಖ್ಯೆ, ಉಳಿದ 4 ಆವೃತ್ತಿ. ಈ ಲೆಕ್ಕದಲ್ಲಿ 32 ಒಂದುಗಳು ಯಾವ ಚಿಪ್ಪಿನ ಹೆಸರೂ ಆಗಲಾರವು. ಚಿಪ್ಪಿನಿಂದ ಬಿಟ್ಟುಗಳು ಹೊರಬರುವ ಟಿಡಿಒ ಕಾಲು ಬಿಟ್ಟುಗಳನ್ನು ಸರಿಸುವ ಸ್ಥಿತಿಗಳಲ್ಲಿ ಮಾತ್ರ ತಂತಿಯನ್ನು ಹಿಡಿಯುತ್ತದೆ, ಮಿಕ್ಕ ಹೊತ್ತಿನಲ್ಲಿ ಕೈಬಿಟ್ಟಿರುತ್ತದೆ. ಕೈಬಿಟ್ಟ ತಂತಿಯನ್ನು ನಿಮ್ಮ ಕೇಬಲ್ಲಿನ ಪುಲ್-ಅಪ್ ರೆಸಿಸ್ಟರ್ ಮೇಲಕ್ಕೆ ಎಳೆದಾಗ ನಿಮಗೆ ಕಾಣುವುದು ಒಂದುಗಳ ಸಾಲು. ಅಂದರೆ ಒಳಗಿರುವ, 16 ಸ್ಥಿತಿಗಳ ಜೆಟ್ಯಾಗ್ ನಿಯಂತ್ರಕವು ಮೊದಲನೆಯ ರಿಸೆಟ್ ಸ್ಥಿತಿಯನ್ನು ಬಿಟ್ಟು ಹೊರಡುತ್ತಲೇ ಇಲ್ಲ.

ಟಿಆರ್‌ಎಸ್‌ಟಿ ಎಂಬ, ಕೆಳಮಟ್ಟದಲ್ಲಿರುವಷ್ಟು ಹೊತ್ತು ಈ ನಿಯಂತ್ರಕವನ್ನು ರಿಸೆಟ್‌ನಲ್ಲಿಯೇ ಹಿಡಿದಿಡುವ ಐದನೆಯ ಕಾಲನ್ನು ನೋಡಿ. ಮಾನಕದ ಪ್ರಕಾರ ಅದು ಐಚ್ಛಿಕವಾದದ್ದು, ಆದರೆ ನಿಮ್ಮ ಚಿಪ್ಪಿನಲ್ಲಿ ಇರುವ ಸಾಧ್ಯತೆ ಹೆಚ್ಚು. ಪರೀಕ್ಷಾ ತರ್ಕವು ಸಾಮಾನ್ಯ ಕೆಲಸದಲ್ಲಿ ತಲೆ ಹಾಕಬಾರದೆಂದು ಹಲವರು ಅದನ್ನು ನೇರವಾಗಿ ಗ್ರೌಂಡಿಗೆ ಕಟ್ಟಿಬಿಡುತ್ತಾರೆ. ಉದ್ದೇಶ ಸರಿಯೇ, ಆದರೆ ಕಟ್ಟುವ ಕ್ರಮ ತಪ್ಪು. ಒಳಗಿನ ಪುಲ್-ಅಪ್ಪನ್ನು ಸೋಲಿಸುವಷ್ಟು ಗಟ್ಟಿಯಾದ, ಹೊರಗಿನ ಪರೀಕ್ಷಾ ಕೇಬಲ್ಲಿಗೆ ಸೋಲುವಷ್ಟು ಮೃದುವಾದ ಒಂದು ರೆಸಿಸ್ಟರ್ ಅಲ್ಲಿ ಇರಬೇಕು, 4.7 ಕಿಲೋ-ಓಮ್ ಸಾಮಾನ್ಯವಾಗಿ ಒಪ್ಪುತ್ತದೆ.

ಹರಟೆಗೆಂದು ಒಂದು ಮಾತು. ಕಾಲುಗಳು ಕಣ್ಣಿಗೂ ಮೊಳೆಹಾಸಿಗೆಯ ಪರೀಕ್ಷಾಯಂತ್ರಕ್ಕೂ ಸಿಗದಂತಾಗುತ್ತಿವೆ ಎಂಬ ಆತಂಕದಿಂದ ಜೆಟ್ಯಾಗ್ ಗುಂಪು ಕೂಡಿಕೊಂಡದ್ದು 1985ರಲ್ಲಿ. ಅದು ಐಇಇಇ 1149.1 ಎಂಬ ಮಾನಕವಾದದ್ದು 1990ರಲ್ಲಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ನಮ್ಮ ಊರಿಗೆ ಬಂದದ್ದೂ ಅದೇ 1985ರಲ್ಲಿ. ಇಷ್ಟು ವರ್ಷಗಳಾದ ಮೇಲೂ ಟಿಆರ್‌ಎಸ್‌ಟಿಯನ್ನು ತಾಮ್ರದಿಂದಲೇ ಗ್ರೌಂಡಿಗೆ ಕಟ್ಟಿದ ಬೋರ್ಡುಗಳು ನನ್ನ ಮೇಜಿಗೆ ಬರುತ್ತಲೇ ಇವೆ.

ಪೀಣ್ಯವಾಸಿ:

ಹಳಬರೇ, ತಮ್ಮ ಊಹೆ ನೂರಕ್ಕೆ ನೂರು ನಿಜವಾಯಿತು. ಪುಣ್ಯಕ್ಕೆ ತಾಮ್ರದಿಂದ ಕಟ್ಟಿರಲಿಲ್ಲ, ಶೂನ್ಯ ಓಮ್‌ನ ರೆಸಿಸ್ಟರಿನ ಮೂಲಕ ಕಟ್ಟಿದ್ದೆ. ಅದನ್ನು ತೆಗೆದು 4.7 ಕಿಲೋ-ಓಮ್ ಹಾಕಿದ ಮೇಲೆ ಎಲ್ಲ 11 ಬೋರ್ಡುಗಳೂ ಗುರುತಿನ ಸಂಖ್ಯೆಯನ್ನು ಸರಿಯಾಗಿ ಹೇಳುತ್ತಿವೆ. ಎರಡು ಬೋರ್ಡುಗಳಲ್ಲಿ ಮಾತ್ರ ಸಂಖ್ಯೆ ಒಮ್ಮೊಮ್ಮೆ ಒಂದು ಬಿಟ್ಟಿನಷ್ಟು ಸರಿದು ಬರುತ್ತಿತ್ತು. ಅರ್ಧ ಮೀಟರಿನ ರಿಬ್ಬನ್ ಕೇಬಲ್ಲನ್ನು ಬದಲಿಸಿ ಗಿಡ್ಡದ್ದನ್ನು ಹಾಕಿದಾಗ ಅದೂ ನಿಂತಿತು.

ತರ್ಕರೇಖೆ:

ಸರಿದ ಬಿಟ್ಟಿಗೆ ಕಾರಣ ಜೆಟ್ಯಾಗ್‌ನ ಕ್ಲಾಕ್ ತಂತಿಯಾದ ಟಿಸಿಕೆಯಲ್ಲಿನ ಪ್ರತಿಫಲನ. ಒಂದು ಏರಿಕೆಯನ್ನು ಚಿಪ್ ಎರಡಾಗಿ ಎಣಿಸಿದೆ. ಮುಂದಿನ ಬೋರ್ಡಿನಲ್ಲಿ ಟಿಸಿಕೆಯನ್ನು ಉಳಿದ ಕ್ಲಾಕ್ ತಂತಿಗಳಷ್ಟೇ ಮರ್ಯಾದೆಯಿಂದ ನಡೆಸಿಕೊಳ್ಳಿ.

ಇನ್ನು ಮುಂದಿನ ಹೆಜ್ಜೆ. ಯಾವ ಕಾಲಿನ ಹಿಂದೆ ಯಾವ ಪರೀಕ್ಷಾ ಕೋಶವಿದೆ ಎಂದು ಹೇಳುವ ಬಿಎಸ್‌ಡಿಎಲ್ ಕಡತವನ್ನು ತಯಾರಕರಿಂದ ಪಡೆದು, ಅದು ನಿಮ್ಮ ಕವಚದ್ದೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಒಂದೇ ಚಿಪ್ ಎರಡು ಕವಚಗಳಲ್ಲಿ ಸಿಗುವಾಗ ಇನ್ನೊಂದರ ಕಡತವನ್ನು ಬಳಸಿ, ಇಲ್ಲದ ದೋಷವನ್ನು ಎರಡು ದಿನ ಹುಡುಕಿದ ಪಾಪ ನನ್ನದೂ ಆಗಿದೆ. ಕಡತದಲ್ಲಿ ಅನುಸರಣೆಯ ಷರತ್ತುಗಳಿದ್ದರೆ ಅವನ್ನೂ ಓದಿ; ಕೆಲವು ಚಿಪ್‌ಗಳಲ್ಲಿ ಯಾವುದೋ ಒಂದು ಮೋಡ್ ಕಾಲನ್ನು ನಿರ್ದಿಷ್ಟ ಮಟ್ಟದಲ್ಲಿ ಇಟ್ಟಾಗ ಮಾತ್ರ ಜೆಟ್ಯಾಗ್ ಮಾನಕದಂತೆ ನಡೆಯುತ್ತದೆ.

ಕಾಲುಗಳನ್ನು ಈ ಕೋಶಗಳ ಕೈಗೆ ಒಪ್ಪಿಸುವ ಎಕ್ಸ್‌ಟೆಸ್ಟ್ ಆದೇಶವನ್ನು ಕೊಡುವ ಮೊದಲು ಪ್ರಿಲೋಡ್ ಆದೇಶದ ಮೂಲಕ ಪ್ರತಿಯೊಂದು ಕೋಶದಲ್ಲಿಯೂ ಅಪಾಯವಿಲ್ಲದ ಮೌಲ್ಯವನ್ನು ತುಂಬಿ. ಹಾಗೆ ಮಾಡದಿದ್ದರೆ ಎಕ್ಸ್‌ಟೆಸ್ಟ್ ಜಾರಿಯಾದ ಕ್ಷಣದಲ್ಲಿ ಡಿಕೋಡರ್ ಮತ್ತು ಫ್ಲ್ಯಾಷ್ ಒಂದೇ ಡೇಟಾ ತಂತಿಯನ್ನು ವಿರುದ್ಧ ದಿಕ್ಕುಗಳಿಗೆ ಎಳೆಯಬಹುದು.

ಎಸ್‌ಡಿ-ರ‍್ಯಾಮ್‌ನಲ್ಲಿ ಬೌಂಡರಿ ಸ್ಕ್ಯಾನ್, ಅಂದರೆ ಇಂಥ ಕೋಶಗಳ ಸರಪಳಿ, ಇರುವುದಿಲ್ಲವಾದ್ದರಿಂದ ಆ ತಂತಿಗಳ ಆಚೆಯ ತುದಿಯನ್ನು ನೇರವಾಗಿ ಓದಲಾಗದು. ಆದರೆ ಮೆಮೊರಿಯನ್ನೇ ಕನ್ನಡಿಯಂತೆ ಬಳಸಬಹುದು. ಹಳೆಯ ಒಂದೇ-ದರದ ಎಸ್‌ಡಿ-ರ‍್ಯಾಮ್‌ಗೆ ಕನಿಷ್ಠ ಕ್ಲಾಕ್ ವೇಗದ ಕಟ್ಟಳೆಯಿಲ್ಲ. ಕ್ಲಾಕಿಗೆ ಹೊಂದಿಕೊಳ್ಳುವ ಡಿಎಲ್‌ಎಲ್ ಮಂಡಲವಿರುವ ಇಮ್ಮಡಿ-ದರದ ಡಿಡಿಆರ್ ಮೆಮೊರಿಯಲ್ಲಿ ಮಾತ್ರ ಆ ತೊಡಕು. ಕ್ಲಾಕ್ ಕಾಲಿನ ಕೋಶವನ್ನು ಮೇಲೆ ಕೆಳಗೆ ಆಡಿಸುತ್ತ, ಮೆಮೊರಿಗೆ ಆರಂಭದ ಆದೇಶಗಳನ್ನು ನಿಧಾನವಾಗಿ ಕೊಟ್ಟು, ಒಂದು ಪದವನ್ನು ಬರೆದು ಮರಳಿ ಓದಿ. ನಿಮ್ಮ ಸರಪಳಿಯಲ್ಲಿ 400 ಕೋಶಗಳಿವೆ, ಟಿಸಿಕೆ 5 ಮೆಗಾಹರ್ಟ್ಸ್ ಎಂದಿಟ್ಟುಕೊಂಡರೆ ಸರಪಳಿಯ ಎಲ್ಲ ಬಿಟ್ಟುಗಳನ್ನು ಒಮ್ಮೆ ಸರಿಸುವ ಒಂದು ಸುತ್ತಿಗೆ 80 ಮೈಕ್ರೋಸೆಕೆಂಡ್ ಹಿಡಿಯುತ್ತದೆ. ಮೆಮೊರಿ ಮರೆಯದಂತೆ ಮಾಡುವ ರಿಫ್ರೆಶ್‌ನ 64 ಮಿಲಿಸೆಕೆಂಡುಗಳ ಗಡುವಿನೊಳಗೆ 800 ಸುತ್ತುಗಳು ಸಿಗುತ್ತವೆ, ಕೆಲವು ಪದಗಳಿಗೆ ಇಷ್ಟು ಧಾರಾಳ. ಒಂದೊಂದೇ ಡೇಟಾ ತಂತಿಯಲ್ಲಿ ಒಂದನ್ನು ನಡೆಸುತ್ತ ಹೋದರೆ, ಎರಡು ತಂತಿಗಳು ಕೂಡಿಕೊಂಡಿರುವ ಜಾಗ ತಾನೇ ಹೆಸರು ಹೇಳುತ್ತದೆ.

ಎಸ್‌ಪಿ ರಸ್ತೆ ರಿಪೇರಿ:

ತಾವೆಲ್ಲ ಓದಿದವರು, ನನ್ನ ಮಾತು ಒರಟಾದರೆ ಕ್ಷಮಿಸಬೇಕು. 2013ರಲ್ಲಿ ಬೆಂಗಳೂರಿನ ಕೇಬಲ್ ಡಿಜಿಟಲ್ ಆದಾಗಿನಿಂದ ಸೆಟ್-ಟಾಪ್ ಬಾಕ್ಸುಗಳನ್ನು ರಿಪೇರಿ ಮಾಡುತ್ತಿದ್ದೇನೆ, ಬಿಎಸ್‌ಡಿಎಲ್ ಕಡತವನ್ನು ಒಮ್ಮೆಯೂ ಕಂಡವನಲ್ಲ. ಬಾಕ್ಸ್ ಮಾಡಿದವರು ರಿಪೇರಿಯವನಿಗೆ ಅದನ್ನು ಕೊಡುವುದೂ ಇಲ್ಲ. ಬಿಸಿಗಾಳಿ ಹಾಯಿಸಿ ಚಿಪ್ಪನ್ನು ಮತ್ತೆ ಕೂರಿಸಿದರೆ ಅರ್ಧದಷ್ಟು ಬೋರ್ಡುಗಳು ಏಳುತ್ತವೆ ಎಂಬುದು ನಮ್ಮ ಅಂಗಡಿಯ ಅನುಭವ.

ಆದರೂ ಒಂದು ಉಪಾಯವನ್ನು ಹೇಳುತ್ತೇನೆ. ಚಿತ್ರ ಬಾರದ ಬೋರ್ಡನ್ನು ಮೊದಲು ಎರಡು ಹೋಳು ಮಾಡಬೇಕು. ವಿಡಿಯೊ ಎನ್‌ಕೋಡರ್ ಚಿಪ್‌ಗಳಲ್ಲಿ ಹೆಚ್ಚಿನವು ಬಣ್ಣದ ಪಟ್ಟಿಗಳನ್ನು ತಾವೇ ಹುಟ್ಟಿಸಬಲ್ಲವು. ಐ2ಸಿ ಮೂಲಕ ಒಂದು ರಿಜಿಸ್ಟರನ್ನು ಬರೆದರೆ ಸಾಕು. ಟಿ.ವಿ.ಯಲ್ಲಿ ಪಟ್ಟಿಗಳು ಮೂಡಿದವೆಂದರೆ ಎನ್‌ಕೋಡರಿನಿಂದ ಆಚೆಗೆ ಎಲ್ಲವೂ ಸರಿಯಿದೆ, ರೋಗ ಈಚೆಗಿದೆ.

ತರ್ಕರೇಖೆ:

ರಿಪೇರಿಯವರ ಉಪಾಯ ಬಹಳ ಒಳ್ಳೆಯದು, ಅದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬಹುದು. ಐ2ಸಿ ತಂತಿಗಳಿಗೂ ಕನಿಷ್ಠ ವೇಗವಿಲ್ಲ. ಡಿಕೋಡರಿನ ಪ್ರೊಸೆಸರ್ ಸತ್ತಂತೆ ಮಲಗಿದ್ದರೂ ಅದರ ಎರಡು ಐ2ಸಿ ಕಾಲುಗಳ ಕೋಶಗಳನ್ನು ಜೆಟ್ಯಾಗ್‌ನಿಂದ ಆಡಿಸಿ ಎನ್‌ಕೋಡರಿನ ಆ ರಿಜಿಸ್ಟರನ್ನು ಬರೆಯಬಹುದು. ಒಂದು ಬಿಟ್ಟಿಗೆ ನಾಲ್ಕು ಸುತ್ತು ಹಿಡಿದರೂ ಸೆಕೆಂಡಿಗೆ ಮೂರು ಸಾವಿರ ಬಿಟ್ಟುಗಳು ಸಾಗುತ್ತವೆ. ಟ್ಯೂನರಿನ ವಿಳಾಸವನ್ನು ಕರೆದು ಅದು ಒಪ್ಪಿಗೆಯ ಬಿಟ್ಟನ್ನು ಕೊಡುತ್ತದೆಯೇ ಎಂದು ನೋಡಬಹುದು. ಎರಡೂ ತಂತಿಗಳನ್ನು ಕೈಬಿಟ್ಟಾಗ ಅವು ಮೇಲಕ್ಕೆ ಏರದಿದ್ದರೆ ಪುಲ್-ಅಪ್ ರೆಸಿಸ್ಟರ್ ಬಿದ್ದುಹೋಗಿದೆ ಎಂದೋ ಯಾವುದೋ ಚಿಪ್ ತಂತಿಯನ್ನು ಕೆಳಕ್ಕೆ ಹಿಡಿದಿದೆ ಎಂದೋ ತಿಳಿಯುತ್ತದೆ. ಎರಡನೆಯದಾಗಿದ್ದರೆ 9 ಕ್ಲಾಕ್ ಪೆಟ್ಟುಗಳನ್ನು ಕೊಟ್ಟು ನೋಡಿ, ಅರ್ಧದಲ್ಲಿ ಸಿಕ್ಕಿಕೊಂಡ ಚಿಪ್ ಸಾಮಾನ್ಯವಾಗಿ ಬಿಟ್ಟುಕೊಡುತ್ತದೆ.

ಎಂ.ಟೆಕ್. ಮೊದಲ ವರ್ಷ:

ನಾನು ಕಲಿಯುತ್ತಿರುವವನು, ಪ್ರಶ್ನೆ ಬಾಲಿಶವಾದರೆ ಮನ್ನಿಸಿ. ಜೆಟ್ಯಾಗ್‌ನಿಂದ ಇಷ್ಟೆಲ್ಲ ಆಗುವುದಾದರೆ ಫ್ಲ್ಯಾಷ್‌ಗೆ ತಂತ್ರಾಂಶವನ್ನೂ ಅದರಿಂದಲೇ ತುಂಬಿ, ಸೀರಿಯಲ್ ಪೋರ್ಟನ್ನು ಬೋರ್ಡಿನಿಂದ ತೆಗೆದೇಬಿಡಬಹುದಲ್ಲವೇ?

ಜಾಲಹಳ್ಳಿ ಹಳಬ:

ಬಾಲಿಶವಲ್ಲ, ಲೆಕ್ಕ ಹಾಕಿ ನೋಡೋಣ. ಫ್ಲ್ಯಾಷ್‌ನ ಒಂದು ಪದವನ್ನು ಬರೆಯಲು ನಾಲ್ಕು ಬರೆವಣಿಗೆಯ ಚಕ್ರಗಳು ಬೇಕು, ಪ್ರತಿ ಚಕ್ರಕ್ಕೆ ವಿಳಾಸವನ್ನು ಹಿಡಿಯಲು, ಬರೆಯುವ ಕಾಲನ್ನು ಇಳಿಸಲು ಮತ್ತು ಏರಿಸಲು ಮೂರು ಸುತ್ತು, ಒಟ್ಟು 12 ಸುತ್ತು. ತರ್ಕರೇಖೆ ಮೇಡಂ ಹೇಳಿದ 80 ಮೈಕ್ರೋಸೆಕೆಂಡಿನಿಂದ ಗುಣಿಸಿದರೆ ಪದವೊಂದಕ್ಕೆ 0.96 ಮಿಲಿಸೆಕೆಂಡ್. ನಿಮ್ಮ 2 ಮೆಗಾಬೈಟಿನಲ್ಲಿ ಎರಡು ಬೈಟಿನ ಪದಗಳು 10,48,576. ಹತ್ತಿರ ಹತ್ತಿರ 17 ನಿಮಿಷ ಆಯಿತು. ಅದೇ ಸೀರಿಯಲ್ ಪೋರ್ಟಿನಲ್ಲಿ 115200 ವೇಗದಲ್ಲಿ ಸೆಕೆಂಡಿಗೆ 11,520 ಬೈಟು ಹೋಗುವುದರಿಂದ ಮೂರು ನಿಮಿಷದಲ್ಲಿ ಮುಗಿಯುತ್ತದೆ. ಜೆಟ್ಯಾಗ್‌ನಿಂದ ಆರಂಭದ ಪುಟ್ಟ ಲೋಡರನ್ನು ಮಾತ್ರ ತುಂಬಿ, ಮಿಕ್ಕದ್ದನ್ನು ಸೀರಿಯಲ್ ಪೋರ್ಟಿಗೆ ಬಿಡುವುದು ವಾಡಿಕೆ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಬೌಂಡರಿ ಸ್ಕ್ಯಾನ್ ನಿಮಗೆ ಹೇಳುವುದು ತಂತಿ ಇದೆಯೇ ಇಲ್ಲವೇ ಎಂಬುದನ್ನು ಮಾತ್ರ. ಅದೇ ತಂತಿ ನೂರು ಮೆಗಾಹರ್ಟ್ಸ್‌ನಲ್ಲಿ ಓಡುವಾಗ ಏನು ಮಾಡುತ್ತದೆ ಎಂಬುದು ಅದಕ್ಕೆ ಗೊತ್ತಿಲ್ಲ. ಅದನ್ನು ಚಿಪ್ಪಿನೊಳಗಿನ ಪ್ರೊಸೆಸರೇ ಮೆಮೊರಿ ಪರೀಕ್ಷೆ ನಡೆಸಿ ಹೇಳಬೇಕು, ಹೇಳಲು ಅದಕ್ಕೊಂದು ಬಾಯಿ ಬೇಕು. ಆ ಬಾಯಿಯೇ ಸೀರಿಯಲ್ ಪೋರ್ಟ್.

ಪೀಣ್ಯವಾಸಿ:

ಮೂರು ದಿನಗಳ ವರದಿ. 11ರಲ್ಲಿ 3 ಬೋರ್ಡುಗಳ ದೋಷ ಸಿಕ್ಕಿತು. ಎರಡರಲ್ಲಿ ಮೆಮೊರಿಯ ಅಕ್ಕಪಕ್ಕದ ಡೇಟಾ ತಂತಿಗಳು ಬೆಸುಗೆಯಿಂದ ಕೂಡಿಕೊಂಡಿದ್ದವು, ಒಂದರಲ್ಲಿ ಐ2ಸಿ ತಂತಿಯ ಪುಲ್-ಅಪ್ ರೆಸಿಸ್ಟರ್ ಗೋರಿಕಲ್ಲಿನಂತೆ ಒಂದೇ ತುದಿಯ ಮೇಲೆ ನಿಂತಿತ್ತು. ಬೆಸುಗೆ ಮಾಡಿಕೊಟ್ಟವರಿಗೆ ನಿಖರವಾದ ಜಾಗವನ್ನೇ ತೋರಿಸಿದ್ದರಿಂದ ವಾದ ಬೆಳೆಯಲಿಲ್ಲ.

ಉಳಿದ 8 ಬೋರ್ಡುಗಳು ಎಲ್ಲ ಸ್ಕ್ಯಾನ್ ಪರೀಕ್ಷೆಗಳಲ್ಲಿಯೂ ಉತ್ತೀರ್ಣವಾಗಿವೆ, ಎನ್‌ಕೋಡರಿನ ಬಣ್ಣದ ಪಟ್ಟಿಗಳೂ ಟಿ.ವಿ.ಯಲ್ಲಿ ಮೂಡುತ್ತವೆ. ಆದರೂ ಏಳುವುದಿಲ್ಲ. ಬಿಸಿಗಾಳಿಯನ್ನು ಒಂದರ ಮೇಲೆ ಪ್ರಯೋಗಿಸಿದೆ, ಪ್ರಯೋಜನವಾಗಲಿಲ್ಲ.

ತರ್ಕರೇಖೆ:

ಬಿಸಿಗಾಳಿಯನ್ನು ದಯವಿಟ್ಟು ನಿಲ್ಲಿಸಿ, ಸಾಕ್ಷ್ಯ ನಾಶವಾಗುತ್ತದೆ. ಈಗ ಎಕ್ಸ್‌ಟೆಸ್ಟ್ ಬೇಡ, ಸ್ಯಾಂಪಲ್ ಆದೇಶವನ್ನು ಬಳಸಿ. ಅದು ಚಿಪ್ಪಿನ ಕೆಲಸಕ್ಕೆ ಅಡ್ಡಿ ಮಾಡದೆ ಕಾಲುಗಳ ಆ ಕ್ಷಣದ ಚಿತ್ರವನ್ನು ತೆಗೆಯುತ್ತದೆ. ಒಳ್ಳೆಯ ಬೋರ್ಡಿನಲ್ಲಿಯೂ ಕೆಟ್ಟ ಬೋರ್ಡಿನಲ್ಲಿಯೂ ಹತ್ತಿಪ್ಪತ್ತು ಚಿತ್ರಗಳನ್ನು ತೆಗೆದು ಫ್ಲ್ಯಾಷ್‌ನ ವಿಳಾಸದ ತಂತಿಗಳನ್ನು ಹೋಲಿಸಿ.

ಜಾಲಹಳ್ಳಿ ಹಳಬ:

ಜೊತೆಗೆ ನನ್ನದೊಂದು ಪ್ರಶ್ನೆ. ಆ 8 ಬೋರ್ಡುಗಳನ್ನು ಪರೀಕ್ಷಿಸಿದವರು ಯಾರು, ಯಾವ ಮೇಜಿನ ಮೇಲೆ, ವಿದ್ಯುತ್ ಮೊದಲು ಕೊಟ್ಟರೋ ಸೀರಿಯಲ್ ಕೇಬಲ್ಲನ್ನು ಮೊದಲು ಸಿಕ್ಕಿಸಿದರೋ?

ಪೀಣ್ಯವಾಸಿ:

ಹಳಬರೇ, ತಮಗೆ ಶರಣು. ಕೊನೆಯ 8 ಬೋರ್ಡುಗಳು ಮಾತ್ರ ಎರಡನೆಯ ಮೇಜಿಗೆ ಹೋಗಿದ್ದವು, ಅವು ಇದೇ 8. ಅಲ್ಲಿನ ಹುಡುಗ ಸೀರಿಯಲ್ ಕೇಬಲ್ಲನ್ನು ಮೊದಲೇ ಸಿಕ್ಕಿಸಿ, ಆಮೇಲೆ ವಿದ್ಯುತ್ ಕೊಡುತ್ತಾನೆ. ಮೊದಲ ಮೇಜಿನಲ್ಲಿ ಕ್ರಮ ತಿರುಗುಮುರುಗು. ನಾನು ಮರುಪರೀಕ್ಷೆ ಮಾಡಿದ್ದೂ ಎರಡನೆಯ ಮೇಜಿನ ಮೇಲೆಯೇ ಆದ್ದರಿಂದ ನನಗೂ ಅದೇ ಫಲ ಸಿಕ್ಕಿತು.

ಬೋರ್ಡಿನ ವಿದ್ಯುತ್ ಆರಿಸಿ ಕೇಬಲ್ಲನ್ನು ಹಾಗೆಯೇ ಬಿಟ್ಟು 3.3 ವೋಲ್ಟಿನ ತಂತಿಯನ್ನು ಅಳೆದರೆ ಸೊನ್ನೆಯ ಬದಲು 1.2 ವೋಲ್ಟ್ ಇದೆ. ಕೇಬಲ್ಲಿನ ಅಡಾಪ್ಟರ್ ಸುಮ್ಮನಿದ್ದಾಗ ತನ್ನ ತಂತಿಯನ್ನು 3.3 ವೋಲ್ಟಿನಲ್ಲಿ ಹಿಡಿದಿರುತ್ತದೆ; ಅದು ಡಿಕೋಡರಿನ ಸ್ವೀಕಾರದ ಕಾಲಿನ ರಕ್ಷಣಾ ಡಯೋಡಿನ ಮೂಲಕ ಇಡೀ ಬೋರ್ಡಿಗೆ ಹಿಂಬಾಗಿಲಿನಿಂದ ವಿದ್ಯುತ್ತನ್ನು ಉಣಿಸುತ್ತಿತ್ತು. ನಮ್ಮ ರಿಸೆಟ್ ಕೇವಲ ಒಂದು ರೆಸಿಸ್ಟರ್ ಮತ್ತು ಕೆಪಾಸಿಟರ್. ಕೆಪಾಸಿಟರ್ ಪೂರ್ತಿ ಖಾಲಿಯಾಗದೆ, ಮತ್ತೆ ವಿದ್ಯುತ್ ಬಂದಾಗ ರಿಸೆಟ್‌ನ ಅವಧಿ ತೀರಾ ಕಿರಿದಾಗುತ್ತಿತ್ತು. ಸ್ಯಾಂಪಲ್ ಚಿತ್ರಗಳೂ ಇದನ್ನೇ ಹೇಳಿದವು: ರಿಸೆಟ್ ಕಾಲು ಮೇಲಿದೆ, ಆದರೆ ವಿಳಾಸದ ತಂತಿಗಳು ಒಂದೇ ಅಂಕಿಯಲ್ಲಿ ಹೆಪ್ಪುಗಟ್ಟಿವೆ. ಕೇಬಲ್ ಕಿತ್ತು, ಒಂದು ನಿಮಿಷ ಕಾದು, ವಿದ್ಯುತ್ ಕೊಟ್ಟೆ. 8 ಬೋರ್ಡುಗಳೂ ಎದ್ದವು.

ಎಸ್‌ಪಿ ರಸ್ತೆ ರಿಪೇರಿ:

ನನ್ನ ಅಂಗಡಿಯಲ್ಲಿ ಬಿಸಿಗಾಳಿಯಿಂದ ಎದ್ದ ಬೋರ್ಡುಗಳಲ್ಲಿ ಎಷ್ಟು, ಬಿಸಿಗಾಳಿಗೆಂದು ಕೇಬಲ್ ಕಿತ್ತದ್ದರಿಂದಲೇ ಎದ್ದವೋ ಎಂದು ಈಗ ಯೋಚನೆಗೆ ಬಿದ್ದಿದ್ದೇನೆ.

ಎಂ.ಟೆಕ್. ಮೊದಲ ವರ್ಷ:

ಅಷ್ಟು ಹೊತ್ತೂ ಸ್ಕ್ಯಾನ್ ಪರೀಕ್ಷೆಗಳು ಏಕೆ ಉತ್ತೀರ್ಣವಾಗುತ್ತಿದ್ದವು?

ತರ್ಕರೇಖೆ:

ಜೆಟ್ಯಾಗ್ ನಿಯಂತ್ರಕಕ್ಕೆ ಚಿಪ್ಪಿನ ಸಾಮಾನ್ಯ ರಿಸೆಟ್ಟಿನ ಹಂಗಿಲ್ಲ. ಅದಕ್ಕೆ ಟಿಆರ್‌ಎಸ್‌ಟಿ ಬೇರೆಯೇ ಇದೆ. ಅದೂ ಇಲ್ಲದಿದ್ದರೆ ಸ್ಥಿತಿಯನ್ನು ಬದಲಿಸುವ ಟಿಎಂಎಸ್ ಕಾಲು ಮೇಲಿರುವಂತೆ ಐದು ಕ್ಲಾಕ್ ಕೊಟ್ಟರೆ ಯಾವ ಸ್ಥಿತಿಯಲ್ಲಿದ್ದರೂ ಮನೆಗೆ ಮರಳುತ್ತದೆ. ಪ್ರೊಸೆಸರ್ ದಿಕ್ಕು ತಪ್ಪಿ ನಿಂತಿದ್ದರೂ ಅಂಚಿನ ಕೋಶಗಳು ತಮ್ಮ ಪಾಡಿಗೆ ದುಡಿಯುತ್ತಿದ್ದವು.

ಪೀಣ್ಯವಾಸಿ:

ಮುಂದಿನ ಆವೃತ್ತಿಯಲ್ಲಿ ಸೀರಿಯಲ್ ಸ್ವೀಕಾರದ ತಂತಿಗೆ, ವಿದ್ಯುತ್ ಇಲ್ಲದಾಗ ಒಳಹರಿವನ್ನು ತಡೆಯುವ 74ಎಲ್‌ವಿಸಿ1ಜಿ ಬಗೆಯ ಬಫರನ್ನು ಹಾಕುತ್ತಿದ್ದೇನೆ. ರೆಸಿಸ್ಟರ್-ಕೆಪಾಸಿಟರ್ ಜೋಡಿಯ ಬದಲು 3.3 ವೋಲ್ಟನ್ನು ಸದಾ ಕಾಯುವ ರಿಸೆಟ್ ಚಿಪ್ ಬರುತ್ತದೆ. ಉಳಿದಿರುವುದು ಎರಡು ಸಂದೇಹ: ಸ್ಮಾರ್ಟ್ ಕಾರ್ಡನ್ನೂ 27 ಮೆಗಾಹರ್ಟ್ಸ್‌ನ ವಿಸಿಎಕ್ಸ್‌ಒವನ್ನೂ (ವೋಲ್ಟೇಜಿನಿಂದ ಆವರ್ತನ ತಿದ್ದಬಹುದಾದ ಸ್ಫಟಿಕ ಆಂದೋಲಕ) ಸಾಲಿನ ಪರೀಕ್ಷೆಯಲ್ಲಿ ಹೇಗೆ ಸೇರಿಸಲಿ?

ಜಾಲಹಳ್ಳಿ ಹಳಬ:

ಕಾರ್ಡಿನದು ಸುಲಭ. ಸ್ಮಾರ್ಟ್ ಕಾರ್ಡುಗಳ ಮಾನಕವಾದ ಐಎಸ್‌ಒ 7816ಕ್ಕೆ ಒಪ್ಪುವ ಯಾವುದಾದರೂ ಕಾರ್ಡನ್ನು ಗೂಡಿನಲ್ಲಿಟ್ಟು ರಿಸೆಟ್ ಕೊಡಿ. ಕಾರ್ಡ್ ಕೊಡುವ ಉತ್ತರದ ಮೊದಲ ಬೈಟು 3ಬಿ ಅಥವಾ 3ಎಫ್ ಆಗಿರಲೇಬೇಕು. ಕಾರ್ಡಿನ ಕ್ಲಾಕನ್ನು 27ರ ಆರನೆಯ ಒಂದು ಭಾಗವಾದ 4.5 ಮೆಗಾಹರ್ಟ್ಸ್ ಎಂದು ಇಟ್ಟಿದ್ದರೆ, ಬಿಟ್ಟೊಂದಕ್ಕೆ 372 ಕ್ಲಾಕಿನ ನಿಯಮದಂತೆ ವೇಗ ಸುಮಾರು 12,097 ಬರುತ್ತದೆ. 9600 ಎಂದು ಕಾದು ಕುಳಿತವರಿಗೆ ಕಸವೇ ಕಾಣುತ್ತದೆ.

ವಿಸಿಎಕ್ಸ್‌ಒಗೆ ಎಕ್ಸ್‌ಟೆಸ್ಟ್ ಸೊಗಸಾಗಿ ಒದಗುತ್ತದೆ. ಡಿಕೋಡರ್ ಪೆಟ್ಟುಗಳ ಅಗಲವನ್ನು ಬದಲಿಸುವ ತನ್ನ ಪಿಡಬ್ಲ್ಯುಎಂ ಕಾಲಿನಿಂದ ಅದರ ಆವರ್ತನವನ್ನು ತಿದ್ದುತ್ತದೆಯಷ್ಟೆ. ಆ ಕಾಲನ್ನು ಒಮ್ಮೆ ಸೊನ್ನೆಯಲ್ಲಿ, ಒಮ್ಮೆ ಒಂದರಲ್ಲಿ ನಿಲ್ಲಿಸಿ, ನಡುವಿನ ಫಿಲ್ಟರ್ ನೆಲೆಗೊಳ್ಳಲು ಕೊಂಚ ಬಿಡುವು ಕೊಟ್ಟು, ಎರಡು ಸಲವೂ ಆವರ್ತನವನ್ನು ಅಳೆಯಿರಿ. ಎಂಪೆಗ್-2ರ ಮಾನಕವು 27 ಮೆಗಾಹರ್ಟ್ಸ್‌ಗೆ ಬಿಟ್ಟುಕೊಡುವ ಸಡಿಲ ಮೇಲಕ್ಕೂ ಕೆಳಕ್ಕೂ 810 ಹರ್ಟ್ಸ್. ಒಂದು ಅಳತೆ ಆ ಸಡಿಲಕ್ಕಿಂತ ಮೇಲೆ, ಇನ್ನೊಂದು ಕೆಳಗೆ ಬಿದ್ದರೆ ಫಿಲ್ಟರೂ ಸರಿಯಿದೆ, ವಿಸಿಎಕ್ಸ್‌ಒ ಕೂಡ ಸರಿಯಿದೆ. ಕೌಂಟರನ್ನು ಮಾತ್ರ ಅರ್ಧ ಗಂಟೆ ಮೊದಲೇ ಬೆಚ್ಚಗೆ ಮಾಡಿಕೊಳ್ಳಿ.

ಪೀಣ್ಯವಾಸಿ:

ಇಂದು ಸಂಜೆಯೇ ಒಂದು ಬೋರ್ಡಿನ ಮೇಲೆ ನೋಡಿದೆ. ಒಂದು ತುದಿಯಲ್ಲಿ 1,900 ಹರ್ಟ್ಸ್ ಮೇಲೆ, ಇನ್ನೊಂದರಲ್ಲಿ 2,050 ಹರ್ಟ್ಸ್ ಕೆಳಗೆ. ಎರಡನೆಯ ಮೇಜಿನ ಹುಡುಗನಿಗೆ ಕ್ರಮವನ್ನು ಬರೆದು ಅಂಟಿಸಿದ್ದೇನೆ. ಮೊದಲ ಸಾಲಿನಲ್ಲಿಯೇ, ವಿದ್ಯುತ್ ಕೊಟ್ಟ ಮೇಲೆ ಕೇಬಲ್ ಎಂದು ಇದೆ.